ಗೋಡೆಯ ಬಿರುಕನ್ನು ಯಾರಿಗೆ ತೋರಿಸಬೇಕು?

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಜ್ವರ ಬಂದರೆ ನಾವು ಡಾಕ್ಟರ ಬಳಿ ಹೋಗುತ್ತೇವೆ. ಗೋಡೆ ಬಿರುಕು ಬಿಟ್ಟರೆ ಮಾತ್ರ ಮೇಸ್ತ್ರಿಯನ್ನು ಕರೆಸಿ ಸಿಮೆಂಟು ಮೆತ್ತಿಸುತ್ತೇವೆ. ಈದ್‌ಗೆ ಮುಂಚೆ ಬಣ್ಣ ಹೊಡೆಸಿ ಮರೆತುಬಿಡುತ್ತೇವೆ. ಮೇಸ್ತ್ರಿಯ ಕೈಗುಣವನ್ನು ನಾನು ಅಲ್ಲಗಳೆಯುತ್ತಿಲ್ಲ. ಬಿರುಕು ಮುಚ್ಚುವುದು ಅವನ ಕೆಲಸ. ಅದು ಏಕೆ ಬಂತೆಂದು ಹೇಳುವುದು ಸ್ಟ್ರಕ್ಚರಲ್ ಎಂಜಿನಿಯರರ ಕೆಲಸ.

ಎಲ್ಲ ಬಿರುಕೂ ಅಪಾಯಕಾರಿಯಲ್ಲ. ಗಾರೆಯಲ್ಲಿ ಕೂದಲೆಳೆಯಂತೆ ಕಾಣುವವು ಸಾಮಾನ್ಯವಾಗಿ ಅದು ಒಣಗುವಾಗ ಕುಗ್ಗಿದ್ದರಿಂದ ಬಂದವು. ಆದರೆ ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಟು ಒಂದು ತುದಿಯಲ್ಲಿ ಅಗಲವಾಗುತ್ತಾ ಹೋಗುವ ಬಿರುಕು ತಳಪಾಯ ಕುಸಿಯುತ್ತಿರುವುದರ ಸೂಚನೆ ಆಗಿರಬಹುದು. ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ; ಅದರೊಂದಿಗೆ ಬಿರುಕೂ ತೆರೆದು ಮುಚ್ಚಿ ಆಡುತ್ತದೆ. ಆದ್ದರಿಂದ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ಲಿನಿಂದ ಗುರುತು ಹಾಕಿ ದಿನಾಂಕ ಬರೆದಿಡಿ. ಪರೀಕ್ಷೆಗೆ ಬರುವವರಿಗೆ ಇದಕ್ಕಿಂತ ಉಪಯುಕ್ತವಾದ ಮಾಹಿತಿಯನ್ನು ಮನೆಯವರು ಕೊಡಲಾರರು. ಬಣ್ಣ ಹೊಡೆಸಿದರೆ ಸಾಕ್ಷಿಯನ್ನೇ ಅಳಿಸಿದಂತೆ.

ಕಂಬ, ತೊಲೆಗಳ ಉದ್ದಕ್ಕೂ ಸೀಳು ಬಿದ್ದು ತುಕ್ಕಿನ ಕಲೆ ಕಂಡರೆ ತಡಮಾಡಬೇಡಿ. ಕಾಂಕ್ರೀಟು ಕ್ಷಾರೀಯವಾದದ್ದು, ಅದರ ಪಿ.ಎಚ್. ಸುಮಾರು 12ರಿಂದ 13. ಈ ಕ್ಷಾರವೇ ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡು ವರ್ಷಗಟ್ಟಲೆ ಒಳಹೊಕ್ಕು ಕ್ಷಾರ ಕಳೆದುಹೋದರೆ, ತೇವ ಸಿಕ್ಕ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಸೀಳಿ ಹೊರಬರುತ್ತದೆ. ಮಕ್ಕಳೇ, ಇದನ್ನು ಎಂಜಿನಿಯರರು ಯಾವುದರಿಂದ ಕಂಡುಹಿಡಿಯುತ್ತಾರೆ ಗೊತ್ತೇ? ನಿಮ್ಮ ಪ್ರಯೋಗಾಲಯದ ಫಿನಾಫ್ತಲೀನ್‌ನಿಂದ! ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಸಿಂಪಡಿಸಿದಾಗ ಕ್ಷಾರ ಉಳಿದಿರುವ ಭಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಕಳೆದುಕೊಂಡ ಭಾಗ ಬಣ್ಣವಿಲ್ಲದೆ ಉಳಿಯುತ್ತದೆ. ಇದಲ್ಲದೆ ರಿಬೌಂಡ್ ಹ್ಯಾಮರ್, ಶ್ರವಣಾತೀತ ತರಂಗದ ಯಂತ್ರಗಳೂ ಇವೆ. ಮನೆ ಒಡೆಯದೆಯೇ ಬಹಳಷ್ಟು ತಿಳಿಯಬಹುದು.

ದುರಸ್ತಿ ಕಂಟ್ರಾಕ್ಟು ಹಿಡಿಯುವವರಿಂದಲೇ ಪರೀಕ್ಷೆ ಮಾಡಿಸುವುದು ನನಗೆ ಸರಿಕಾಣದು. ಅನೇಕ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದವರು ಶುಲ್ಕ ಪಡೆದು ಪರೀಕ್ಷಿಸುತ್ತಾರೆ. ಕಾರಣ, ಅಪಾಯದ ಮಟ್ಟ, ದುರಸ್ತಿಯ ವಿಧಾನ ಮೂರನ್ನೂ ಬರೆದು ಸಹಿ ಮಾಡಿದ ವರದಿ ಕೇಳಿ ಪಡೆಯಿರಿ. ಶುಲ್ಕ ದಂಡವೆನ್ನುವವರು ಮದುವೆಯ ಶಾಮಿಯಾನಕ್ಕೆ ಎಷ್ಟು ಕೊಟ್ಟರೆಂದು ಒಮ್ಮೆ ನೆನಪಿಸಿಕೊಳ್ಳಲಿ. ಮಗ ಗಲ್ಫಿನಿಂದ ಹಣ ಕಳಿಸಿದನೆಂದು ಹಳೆಯ ಗೋಡೆಯ ಮೇಲೆ ಇನ್ನೊಂದು ಅಂತಸ್ತು ಏರಿಸುವ ಮುಂಚೆಯಂತೂ ತಳಪಾಯದ ಪರೀಕ್ಷೆ ಆಗಲೇಬೇಕು.

ಹೊಸ ಕಟ್ಟಡವೆಂದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಕುಸಿದದ್ದು ಇನ್ನೂ ಕಟ್ಟುತ್ತಿದ್ದ ಕಟ್ಟಡ. 19 ಮಂದಿ ಪ್ರಾಣ ಕಳೆದುಕೊಂಡರು. 2021ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ಲಕ್ಕಸಂದ್ರದಲ್ಲಿ ಹಳೆಯ ಕಟ್ಟಡವೊಂದು ಉರುಳಿತು. ಒಳಗಿದ್ದ ಮೆಟ್ರೋ ಕಾರ್ಮಿಕರು ಮೊದಲೇ ಹೊರಬಂದಿದ್ದರಿಂದ ಜೀವಹಾನಿ ಆಗಲಿಲ್ಲ.

ಬಾಡಿಗೆದಾರರು ಮನೆ ಖಾಲಿ ಮಾಡಿಸಿಯಾರೆಂಬ ಭಯದಿಂದ ಬಿರುಕಿನ ವಿಷಯ ಎತ್ತುವುದಿಲ್ಲ. ಮಾಲೀಕರಾದ ಸದಸ್ಯರು ತಾವಾಗಿಯೇ ಹೋಗಿ ವಿಚಾರಿಸಬೇಕೆಂದು ವಿನಂತಿ. ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ಬಿರುಕು ಒಂದೇ ದಿನದಲ್ಲಿ ಹಿಗ್ಗಿದರೆ, ಗೋಡೆಯಲ್ಲಿ ಚಟಚಟ ಸದ್ದು ಕೇಳಿದರೆ ಎಂಜಿನಿಯರರಿಗೂ ಕಾಯಬೇಡಿ. ಮಕ್ಕಳು, ಮುದುಕರನ್ನು ಕರೆದುಕೊಂಡು ಹೊರಗೆ ಬನ್ನಿ, ಅಕ್ಕಪಕ್ಕದವರನ್ನೂ ಎಬ್ಬಿಸಿ, 112ಕ್ಕೆ ಫೋನ್ ಮಾಡಿ. ಒಡವೆ, ಕಾಗದಪತ್ರ ಎಂದು ಮತ್ತೆ ಒಳಗೆ ಹೋಗಬೇಡಿ.