ತಲೆಸುತ್ತು: ಅದರ ಕಾರಣಗಳೂ ಶಮನೋಪಾಯಗಳೂ



ಬೆಂಗಳೂರಿನ ಜಯನಗರದ ಬಡಾವಣೆಗೆ 1948ನೆಯ ಇಸವಿಯಲ್ಲಿ ಅಸ್ತಿಭಾರವು ಬಿದ್ದಿತು. ಅನಂತರದ ವರ್ಷಗಳಲ್ಲಿ ತಂದೆತಾಯಿಗಳ ಕೈಹಿಡಿದು ಅಲ್ಲಿನ ಹೊಸ ಮನೆಗಳನ್ನು ಹೊಕ್ಕ ಬಾಲಕಬಾಲಿಕೆಯರು ಈಗ ಎಪ್ಪತ್ತು ಎಂಬತ್ತು ವರ್ಷಗಳ ಹಿರಿಯರಾಗಿರುವರು. ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿಯೂ ಹಿರಿಯರಿಲ್ಲದ ಬೀದಿಯಿಲ್ಲ. ಇಂತಹ ಮನೆಗಳಲ್ಲಿ ಬೆಳಗಿನ ಜಾವ ಕೇಳಿಬರುವ ದೂರುಗಳಲ್ಲಿ ಒಂದು ಹೀಗಿರುವುದು: "ಎದ್ದು ಕುಳಿತೊಡನೆ ಮನೆಯೆಲ್ಲ ಗಿರ್ರನೆ ತಿರುಗಿತು."

ಅರವತ್ತೈದು ವರ್ಷದ ಒಬ್ಬ ತಾಯಿಯನ್ನು ಉದಾಹರಣೆಗೆ ಭಾವಿಸಬಹುದು. ಆಕೆಯು ನಿದ್ದೆಯಲ್ಲಿ ಬಲಮಗ್ಗುಲಿಗೆ ಹೊರಳಿದಳು, ಗೋಡೆಗಳು ಸುತ್ತತೊಡಗಿದವು, ಮಂಚವನ್ನು ಬಿಗಿಯಾಗಿ ಹಿಡಿದುಕೊಂಡಳು. ಅರ್ಧ ನಿಮಿಷದಲ್ಲಿ ಸುತ್ತು ನಿಂತಿತು, ವಾಂತಿಯಾಯಿತು. ಮರುದಿನ ಅಟ್ಟದ ಮೇಲಣ ಡಬ್ಬಿಗಾಗಿ ತಲೆಯೆತ್ತಿದಾಗ ಅದೇ ಸಂಕಟ. ಪೂಜೆ ಮುಗಿಸಿ ನೆಲಕ್ಕೆ ಹಣೆಮುಟ್ಟಿಸಿ ಏಳುವಾಗ ಮತ್ತೆ ಅದೇ. ಸೊಸೆಯು "ಪಿತ್ತ ಕೆರಳಿದೆ, ಅತ್ತೆಯವರೇ" ಎಂದು ಜೀರಿಗೆ ಕಷಾಯ ಕೊಟ್ಟಳು. ನೆರೆಯವರು ರಕ್ತದ ಒತ್ತಡವೆಂದರು. ಮಗನು ಔಷಧದ ಅಂಗಡಿಯಿಂದ ಮಾತ್ರೆಗಳನ್ನು ತಂದನು. ಮಾತ್ರೆಗಳು ತಿಂಗಳುಗಟ್ಟಲೆ ನಡೆದವು. ಅಷ್ಟರಲ್ಲಿ ಆಕೆಯು ನಮಸ್ಕಾರವನ್ನು ಬಿಟ್ಟಳು, ಬಳಿಕ ಮಠದ ಸಭೆಗಳಿಗೆ ಹೋಗುವುದನ್ನು ಬಿಟ್ಟಳು, ಕಡೆಗೆ ಹೊಸಿಲನ್ನೇ ದಾಟದಾದಳು. ಕಾಲುಗಳು ನಡೆದಾಟವಿಲ್ಲದೆ ಸೊರಗಿದವು. ಹೀಗೆ ಸೊರಗಿದ ಕಾಲಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಳ್ಳುವುದೇ ಈ ವಯಸ್ಸಿನಲ್ಲಿ ನಿಜವಾದ ಅಪಾಯವು. ಇಷ್ಟಕ್ಕೂ ಆಕೆಯ ಮೂಲವ್ಯಾಧಿಯು ಐದು ನಿಮಿಷದ ಕ್ರಿಯೆಯಿಂದ ಹೋಗಬಹುದಾದುದು.

ಪಿತ್ತದ ಮಾತು ನಿರಾಧಾರವಾಗಿ ಹುಟ್ಟಿದುದಲ್ಲ. ಮಾಧವನಿದಾನವು ಭ್ರಮರೋಗಕ್ಕೆ ರಜೋಗುಣವನ್ನೂ ಪಿತ್ತವಾತಗಳನ್ನೂ ಕಾರಣವಾಗಿ ಹೇಳಿರುವುದು. ಆದರೆ ತಲೆಸುತ್ತಿದವನು ಹಳದಿಯ ಪಿತ್ತವನ್ನು ಕಾರಿದನೆಂದಮಾತ್ರಕ್ಕೆ ಅದೇ ಕಾರಣವಾಗದು. ವಾಂತಿಯು ತಲೆಸುತ್ತಿನ ಫಲವು. ಕನ್ನಡದಲ್ಲಿ ಈ ಬಾಧೆಗಳಿಗೆ ಬೇರೆಬೇರೆ ಮಾತುಗಳಿರುವುದು ಒಂದು ಭಾಗ್ಯವೇ ಸರಿ. ಸುತ್ತಲಿನ ವಸ್ತುಗಳು ತಿರುಗಿದಂತಾದರೆ ತಲೆಸುತ್ತು. ಎದ್ದು ನಿಂತೊಡನೆ ಮಂಪರು ಕವಿದರೆ ಕಣ್ಣುಕತ್ತಲೆ. ನಡೆಯುವಾಗ ಕಾಲು ನಿಲ್ಲದಿದ್ದರೆ ತೂರಾಟ. ವೈದ್ಯರ ಮುಂದೆ ಇವುಗಳನ್ನು ಬೆರಸದೆ, ಯಾವಾಗ ಬಂದಿತು, ಎಷ್ಟು ಹೊತ್ತು ಇದ್ದಿತು, ಏನು ಮಾಡುವಾಗ ಬಂದಿತು ಎಂಬ ಮೂರನ್ನು ಹೇಳಿದರೆ ರೋಗನಿರ್ಣಯದ ಬಹುಭಾಗವು ಮುಗಿದಂತೆ.

ತಲೆಸುತ್ತಿಗೂ ಕಿವಿಗೂ ಸಂಬಂಧವೇನೆಂದು ಕೆಲವರು ಆಶ್ಚರ್ಯಪಡುವರು. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಭಾಗದ ಮಗ್ಗುಲಲ್ಲಿಯೇ ದ್ರವದಿಂದ ತುಂಬಿದ ಮೂರು ಬಾಗಿದ ನಾಳಗಳಿರುವುವು. ತಲೆಯು ತಿರುಗಿದಾಗ ದ್ರವವು ಹಿಂದುಳಿದು, ಅಲ್ಲಿನ ಸೂಕ್ಷ್ಮವಾದ ರೋಮಗಳನ್ನು ಬಾಗಿಸುವುದು. ಆ ಸುದ್ದಿಯು ಮಿದುಳಿಗೂ ಕಣ್ಣುಗಳಿಗೂ ಮುಟ್ಟುವುದು. ವಿಯೆನ್ನಾ ನಗರದ ವೈದ್ಯರಾದ ರಾಬರ್ಟ್ ಬಾರಾನಿಯವರು ರೋಗಿಗಳ ಕಿವಿಗಳನ್ನು ನೀರಿನಿಂದ ತೊಳೆಯುತ್ತಿದ್ದಾಗ ಹಲವರು ತಲೆಸುತ್ತೆಂದು ದೂರುತ್ತಿದ್ದರು. ನೀರು ತಣ್ಣಗಿರುವುದೇ ಇದಕ್ಕೆ ಕಾರಣವೆಂದು ಒಬ್ಬ ರೋಗಿಯು ಹೇಳಿದನು. ಬಾರಾನಿಯವರು ಬಿಸಿನೀರನ್ನು ಪ್ರಯೋಗಿಸಿ ನೋಡಿದರು. ಆಗಲೂ ತಲೆಸುತ್ತಿತು, ಆದರೆ ಕಣ್ಣುಗುಡ್ಡೆಗಳು ಮೊದಲಿನದಕ್ಕೆ ವಿರುದ್ಧವಾದ ದಿಕ್ಕಿಗೆ ಎಳೆದಾಡಿದವು. ಬಚ್ಚಲಿನ ಹಂಡೆಯಲ್ಲಿ ಕಾದ ನೀರು ಮೇಲೇರಿ ತಣ್ಣೀರು ಕೆಳಗಿಳಿಯುವಂತೆ ಒಳಗಿವಿಯ ದ್ರವವೂ ಚಲಿಸುವುದೆಂದು ಅವರಿಗೆ ಹೊಳೆಯಿತು. ಈ ಶೋಧನೆಗಳಿಗಾಗಿ 1914ರ ನೊಬೆಲ್ ಪಾರಿತೋಷಕವು ಲಭಿಸಿದಾಗ ಅವರು ರಷ್ಯದಲ್ಲಿ ಯುದ್ಧಖೈದಿಯಾಗಿದ್ದರು.

ನಾಳಗಳ ಪಕ್ಕದ ಒಂದು ಸಂಚಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣವಾದ, ಸುಣ್ಣದಕಲ್ಲಿನ ಜಾತಿಯ ಹರಳುಗಳಿರುವುವು. ವಯಸ್ಸಿನಿಂದಲೋ, ತಲೆಗೆ ಬಿದ್ದ ಪೆಟ್ಟಿನಿಂದಲೋ ಇವು ಸಡಲಿ ನಾಳದೊಳಕ್ಕೆ ಜಾರಿದರೆ, ತಲೆಯು ಬಾಗಿದಾಗಲೆಲ್ಲ ಅಲ್ಲಿ ಹೊರಳಿ ದ್ರವವನ್ನು ಕದಡುವುವು. ತಲೆಯು ನಿಂತರೂ ದ್ರವವು ನಿಲ್ಲದು. ಆದುದರಿಂದ ಲೋಕವು ತಿರುಗಿದಂತೆ ತೋರುವುದು. ಮೇಲೆ ಹೇಳಿದ ತಾಯಿಯ ರೋಗವು ಇದೇ. ಒಳಗಿವಿಯಿಂದ ಬರುವ ತಲೆಸುತ್ತುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದುದೂ ಇದೇ.

ಹರಳು ನಾಳದಲ್ಲಿ ಜಾರಿರುವುದಾದರೆ, ತಲೆಯನ್ನು ಕ್ರಮವಾಗಿ ತಿರುಗಿಸಿ ಅದನ್ನು ಹೊರಕ್ಕೆ ಉರುಳಿಸಬಹುದಲ್ಲವೇ? ಅಮೆರಿಕದ ಪೋರ್ಟ್‌ಲೆಂಡ್ ನಗರದ ಜಾನ್ ಎಪ್ಲಿ ಎಂಬ ಕಿವಿಯ ವೈದ್ಯರು 1980ರಲ್ಲಿ ಈ ಮಾತನ್ನು ಮುಂದಿಟ್ಟಾಗ ವೈದ್ಯರಲ್ಲಿ ಅನೇಕರು ನಂಬಲಿಲ್ಲ, ಕೆಲವರು ಹಾಸ್ಯಮಾಡಿದರು. ಔಷಧವಿಲ್ಲದೆ, ಶಸ್ತ್ರವಿಲ್ಲದೆ, ತಲೆ ತಿರುಗಿಸುವುದರಿಂದ ತಲೆಸುತ್ತು ಹೋಗುವುದೆಂಬುದು ಅವರಿಗೆ ಮಂತ್ರವಾದಿಯ ಮಾತಿನಂತೆ ಕೇಳಿಸಿರಬೇಕು. 1992ರಲ್ಲಿ ಅವರ ಲೇಖನವು ಪ್ರಕಟವಾಯಿತು. ಈಗ ಲೋಕದ ವೈದ್ಯರೆಲ್ಲರೂ ಇದನ್ನೇ ಮೊದಲ ಚಿಕಿತ್ಸೆಯಾಗಿ ಅಂಗೀಕರಿಸಿರುವರು.

ಕ್ರಿಯೆಯು ಹೀಗಿರುವುದು. ದೋಷವು ಬಲಗಿವಿಯಲ್ಲಿದ್ದರೆ, ರೋಗಿಯನ್ನು ಮಂಚದ ಮೇಲೆ ಕುಳ್ಳಿರಿಸಿ, ಮುಖವನ್ನು ಬಲಕ್ಕೆ 45 ಅಂಶ ತಿರುಗಿಸಿ, ತಲೆಯು ಅಂಚಿನಿಂದ ತುಸು ಕೆಳಗಿಳಿಯುವಂತೆ ಬೆನ್ನಮೇಲೆ ಮಲಗಿಸುವರು. ಸುತ್ತು ನಿಲ್ಲುವವರೆಗೂ ಕಾದು, ತಲೆಯನ್ನು ನಿಧಾನವಾಗಿ ಎಡಕ್ಕೆ ಹೊರಳಿಸುವರು. ಮತ್ತೆ ಕಾದು, ಮೂಗು ನೆಲದ ಕಡೆಗಾಗುವಂತೆ ದೇಹವನ್ನೂ ಎಡಮಗ್ಗುಲಿಗೆ ತಿರುಗಿಸುವರು. ಕೊನೆಗೆ ಮೆಲ್ಲನೆ ಎಬ್ಬಿಸಿ ಕೂಡಿಸುವರು. ಒಂದೊಂದು ಭಂಗಿಯಲ್ಲಿ ಸುಮಾರು ಅರ್ಧದಿಂದ ಒಂದು ನಿಮಿಷ ಸಾಕು. ಹತ್ತರಲ್ಲಿ ಎಂಟು ಮಂದಿಗೆ ಒಂದೆರಡು ಸಲದಲ್ಲಿಯೇ ಗುಣ ಕಾಣುವುದು. ಆದರೆ ಯಾವ ಕಿವಿ, ಯಾವ ನಾಳ ಎಂಬುದನ್ನು ಕಣ್ಣುಗಳ ಎಳೆದಾಟದಿಂದ ವೈದ್ಯರೇ ಮೊದಲು ಗೊತ್ತುಮಾಡತಕ್ಕುದು. ಕತ್ತಿನ ಮೂಳೆಯ ದೋಷವುಳ್ಳವರಂತೂ ಚಿತ್ರ ನೋಡಿ ಮನೆಯಲ್ಲಿ ತಾವೇ ಪ್ರಯತ್ನಿಸಬಾರದು. ಗುಣವಾದ ಮೇಲೆಯೂ ಕೆಲವರಿಗೆ ವರ್ಷಗಳ ತರುವಾಯ ಮರುಕಳಿಸುವುದುಂಟು. ಆಗ ಅಂಜದೆ ಅದೇ ಕ್ರಿಯೆಯನ್ನು ಮತ್ತೆ ಮಾಡಿಸಿಕೊಳ್ಳಬಹುದು. ವಿಟಮಿನ್ ಡಿ ಕೊರತೆಯುಳ್ಳವರಿಗೆ ಅದನ್ನು ತುಂಬಿಕೊಟ್ಟರೆ ಮರುಕಳಿಸುವಿಕೆಯು ಕಡಮೆಯಾಗುವುದೆಂದು 2020ರಲ್ಲಿ ಕೊರಿಯ ದೇಶದ ವೈದ್ಯರು ತೋರಿಸಿರುವರು.

ಎಲ್ಲ ತಲೆಸುತ್ತೂ ಹರಳಿನದಲ್ಲ. ಗಂಟೆಗಟ್ಟಲೆ ಸುತ್ತಿ, ಜೊತೆಗೆ ಕಿವಿಯು ಮೊರೆದು ಮಂದವಾದರೆ ಅದು 1861ರಲ್ಲಿ ಪ್ಯಾರಿಸಿನ ಮೆನಿಯೇರ್ ಅವರು ವಿವರಿಸಿದ ವ್ಯಾಧಿಯಾಗಿರಬಹುದು. ಅದರಲ್ಲಿ ಉಪ್ಪನ್ನು ಕಡಮೆಮಾಡಲು ಹೇಳುವರು. ನೆಗಡಿ ಜ್ವರಗಳ ಅನಂತರ ದಿನಗಟ್ಟಲೆ ಸುತ್ತಿದರೆ ಒಳಗಿವಿಯ ನರವು ಬಾಧಿತವಾಗಿರಬಹುದು. ಅರೆತಲೆನೋವಿನವರಿಗೂ ತಲೆಸುತ್ತುಂಟು. ಎದ್ದಾಗ ಮಾತ್ರ ಕಣ್ಣುಕತ್ತಲೆ ಬಂದರೆ ರಕ್ತದೊತ್ತಡದ ಮಾತ್ರೆಯ ಪ್ರಮಾಣವನ್ನು ವೈದ್ಯರಿಂದ ಪರೀಕ್ಷಿಸಿಕೊಳ್ಳತಕ್ಕುದು. ಉಪವಾಸದ ದಿನ ಮಧುಮೇಹಿಗಳು ಸಕ್ಕರೆಯ ಅಂಶವನ್ನೂ ನೋಡಿಕೊಳ್ಳತಕ್ಕುದು.

ಇವೆಲ್ಲಕ್ಕೂ ಸಾವಕಾಶವುಂಟು, ಒಂದಕ್ಕೆ ಮಾತ್ರ ಇಲ್ಲ. ತಲೆಸುತ್ತಿನ ಜೊತೆಗೆ ಮಾತು ತೊದಲಿದರೆ, ಒಂದು ವಸ್ತುವು ಎರಡಾಗಿ ಕಂಡರೆ, ಬಾಯಿ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಆಧಾರವಿಲ್ಲದೆ ನಿಲ್ಲಲಾಗದಿದ್ದರೆ, ಅಥವಾ ಎಂದೂ ಬಾರದಂತಹ ತಲೆನೋವು ಹಠಾತ್ತಾಗಿ ಬಂದರೆ, ಅದು ಮಿದುಳಿನ ರಕ್ತನಾಳದ ತೊಂದರೆಯೆಂದು ಭಾವಿಸಿ ತತ್‌ಕ್ಷಣ 108ಕ್ಕೆ ದೂರವಾಣಿ ಮಾಡತಕ್ಕುದು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಟ್ಟರೆ ಮಾತ್ರ ಫಲಕಾರಿಯು. ದಕ್ಷಿಣ ಬೆಂಗಳೂರಿನವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯು ಸಮೀಪದಲ್ಲಿರುವುದು. "ಬೆಳಗಾಗಲಿ, ನೋಡೋಣ" ಎಂದು ಕಷಾಯ ಕುಡಿಸಿ ಮಲಗಿಸಿದ ಮನೆಯವರು ಆ ನಾಲ್ಕೂವರೆ ಗಂಟೆಗಳನ್ನು ಕಳೆದುಕೊಂಡಂತೆಯೇ.

ಮಾತ್ರೆಗಳ ವಿಷಯದಲ್ಲಿಯೂ ಎಚ್ಚರವು ಬೇಕು. ತಲೆಸುತ್ತನ್ನು ಅಡಗಿಸುವ ಔಷಧಗಳು ತೀವ್ರವಾದ ವಾಂತಿಯ ಎರಡು ಮೂರು ದಿನಗಳಿಗೆ ಉಪಕಾರಿಗಳು. ಅವು ಹರಳನ್ನು ಕದಲಿಸಲಾರವು. ಬಹುಕಾಲ ಸೇವಿಸಿದರೆ ಮಿದುಳು ತನ್ನ ಸಮತೋಲವನ್ನು ತಾನೇ ಸರಿಪಡಿಸಿಕೊಳ್ಳುವುದಕ್ಕೆ ಅಡ್ಡಿಯಾಗುವುವು. ಸಿನ್ನರಿಜಿನ್ ಎಂಬುದು ವೃದ್ಧರಲ್ಲಿ ಕೈನಡುಕವನ್ನೂ ನಡಿಗೆಯ ಜಡತೆಯನ್ನೂ ತರುವುದುಂಟು.

ಮೇಲಣ ತಾಯಿಯಂತಹವರು ಗುಣವಾಗುವವರೆಗೆ ಕುಳಿತಲ್ಲಿಯೇ ಕೈಮುಗಿಯಲಿ. ಏಳುವ ಮೊದಲು ಮಂಚದಂಚಿನಲ್ಲಿ ಒಂದು ನಿಮಿಷ ಕುಳಿತಿರಲಿ. ಅಟ್ಟದ ಡಬ್ಬಿಯನ್ನು ಮಗನು ಇಳಿಸಿಕೊಡಲಿ. ಬಚ್ಚಲಿನಲ್ಲಿ ಹಿಡಿಯಲು ಒಂದು ಸರಳನ್ನು ಹಾಕಿಸಲಿ. ಕ್ರಿಯೆಯು ಫಲಿಸಿದ ಮರುದಿನದಿಂದಲೇ ಮನೆಯವರೊಬ್ಬರ ಜೊತೆಯಲ್ಲಿ ಬೀದಿಯ ತುದಿಯವರೆಗೆ, ಬಳಿಕ ಉದ್ಯಾನದವರೆಗೆ ನಡೆಯತಕ್ಕುದು. ನೆಲಕ್ಕೆ ಹಣೆಮುಟ್ಟಿಸುವ ನಮಸ್ಕಾರವನ್ನು ವೈದ್ಯರು ಒಪ್ಪಿದ ದಿನ ಮತ್ತೆ ಆರಂಭಿಸಬಹುದು.