‘ನೋ’ ಅನ್ನೋ ಕ್ರಿಯಾಪದ ನಿಮಗೆಷ್ಟು ಗೊತ್ತು?

‘ನಂಗೆ ರಾಹುಲ್ ದ್ರಾವಿಡ್ ಗೊತ್ತು.’ ಕನ್ನಡದಲ್ಲಿ ಈ ಮಾತಿಗೆ ಯಾರೂ ತಕರಾರು ತೆಗೆಯಲ್ಲ. ಅದನ್ನೇ ‘ಐ ನೋ ರಾಹುಲ್ ದ್ರಾವಿಡ್’ ಅಂದು ನೋಡಿ. ಎದುರಿಗಿದ್ದವರು ಕಣ್ಣರಳಿಸಿ, ಹೇಗೆ ಪರಿಚಯ ಅಂತ ಕೇಳಬಹುದು! ‘ನೋ’ ಆದ್ಮೇಲೆ ನೇರವಾಗಿ ವ್ಯಕ್ತಿಯ ಹೆಸರು ಬಂತು ಅಂದ್ರೆ, ಸಾಮಾನ್ಯವಾಗಿ ಅಲ್ಲಿ ಒಡನಾಟ ಇದೆ ಅಂತ ಅರ್ಥ. ಬರೀ ಹೆಸರು ಕೇಳಿದ್ರೆ ‘ಐ ನೋ ಆಫ್ ಹಿಮ್’. ಯಾರು ಅಂತ ಗೊತ್ತಿದ್ರೆ ‘ಐ ನೋ ಹೂ ಹಿ ಈಸ್’.

ನಾವು ಹೆಚ್ಚು ಎಡವೋದು ಕಾಲದ ವಿಷಯದಲ್ಲಿ. ‘ಅವಳು ನಂಗೆ ಹತ್ತು ವರ್ಷದಿಂದ ಗೊತ್ತು’ ಅನ್ನೋದನ್ನ ಹಾಗೇ ಎತ್ತಿಟ್ಟು ‘ಐ ನೋ ಹರ್ ಸಿನ್ಸ್ ಟೆನ್ ಇಯರ್ಸ್’ ಅಂತೀವಿ. ಆಗಬೇಕಾದ್ದು ‘ಐ ಹ್ಯಾವ್ ನೋನ್ ಹರ್ ಫಾರ್ ಟೆನ್ ಇಯರ್ಸ್’. ಅಂದು ಶುರುವಾಗಿ ಇಂದಿಗೂ ಇರೋ ಪರಿಚಯಕ್ಕೆ ಇಂಗ್ಲಿಷ್ ಈ ‘ಹ್ಯಾವ್’ ಕೇಳುತ್ತೆ. ‘ಐ ಆಮ್ ನೋಯಿಂಗ್’ ತಪ್ಪಿಗೆ ಮಾತ್ರ ಕನ್ನಡವನ್ನ ದೂರಬೇಡಿ. ನಾವ್ಯಾರಾದ್ರೂ ‘ನಂಗೆ ಗೊತ್ತಿರ್ತಾ ಇದೆ’ ಅಂತೀವಾ? ಗೊತ್ತಿರೋದು ಒಂದು ಸ್ಥಿತಿ, ನಡೀತಾ ಇರೋ ಕೆಲಸ ಅಲ್ಲ. ಎಲ್ಲದಕ್ಕೂ ‘ಇಂಗ್’ ಅಂಟಿಸೋ ಚಾಳಿ ನಮ್ಮದೇ.

ಈಜು ಬರುತ್ತೆ ಅನ್ನೋಕೆ ‘ಐ ನೋ ಸ್ವಿಮ್ಮಿಂಗ್’ ಬೇಡ; ‘ಐ ನೋ ಹೌ ಟು ಸ್ವಿಮ್’ ಅನ್ನಿ, ಇಲ್ಲಾ ‘ಐ ಕ್ಯಾನ್ ಸ್ವಿಮ್’ ಸಾಕು. ಭಾಷೆಗೆ ಈ ರಗಳೆ ಇಲ್ಲ, ‘ಐ ನೋ ಕನ್ನಡ’ ಸರಿಯಾಗೇ ಇದೆ. ಇನ್ನು ‘ಐ ಕೇಮ್ ಟು ನೋ’ ತಪ್ಪೇನಲ್ಲ, ಆದ್ರೆ ಅರ್ಜಿ ಬರೆದ ಹಾಗಿರುತ್ತೆ. ಮಾತಲ್ಲಿ ‘ಐ ಹರ್ಡ್’, ‘ಐ ಫೌಂಡ್ ಔಟ್’ ಹಗುರ.

ಅಂದಹಾಗೆ, ಮೊದಲಕ್ಷರ ‘ಕೆ’ ಯಾಕೆ ಮೌನ? ಹಿಂದೆ ಅದನ್ನ ಉಚ್ಚರಿಸ್ತಿದ್ರು, ‘ಕ್ನ’ ಅಂತಾನೇ. ಕಾಲಕ್ರಮೇಣ ನಾಲಿಗೆ ಅದನ್ನ ಕೈಬಿಡ್ತು, ಬರವಣಿಗೆ ಬಿಡಲಿಲ್ಲ.

ಕೊನೇದಾಗಿ, ಉತ್ತರವಾಗಿ ಬರೋ ‘ಐ ನೋ’. ‘ಎಂಥಾ ಸೆಕೆ!’ ಅಂತ ಯಾರಾದ್ರೂ ಇಂಗ್ಲಿಷಲ್ಲಿ ಗೊಣಗಿದ್ರೆ, ರಾಗ ಎಳೆದು ‘ಐ ನೋ!’ ಅನ್ನಬಹುದು, ಅದು ನಮ್ಮ ‘ಅಲ್ವಾ ಮತ್ತೆ!’ ಇದ್ದ ಹಾಗೆ. ಆದ್ರೆ ಸಹೋದ್ಯೋಗಿ ‘ಮೀಟಿಂಗ್ ಮೂರು ಗಂಟೆಗೆ’ ಅಂತ ನೆನಪಿಸಿದಾಗ ಬೋಳಾಗಿ ‘ಐ ನೋ’ ಅಂದ್ರೆ ಸಿಡುಕಿದ ಹಾಗೆ ಕೇಳ್ಸುತ್ತೆ. ಅಲ್ಲಿ ‘ಯೆಸ್, ಥ್ಯಾಂಕ್ಸ್’ ಅನ್ನಿ.