ಸಂಬಳವಿಲ್ಲದ ವಕ್ತಾರರು

2008ರ ಸೆಪ್ಟೆಂಬರ್ 10. ಜಿನೀವಾ ಬಳಿ, ನೆಲದಿಂದ ಸುಮಾರು ನೂರು ಮೀಟರ್ ಆಳದ 27 ಕಿಲೋಮೀಟರ್ ಸುರಂಗದಲ್ಲಿ, ಸರ್ನ್ ಸಂಸ್ಥೆಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ಎಂಬ, ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರದಲ್ಲಿ ಪ್ರೋಟಾನ್‌ಗಳು ಮೊದಲ ಬಾರಿ ಪೂರ್ತಿ ಸುತ್ತು ಹಾಕಿದವು. ಆ ಡಿಕ್ಕಿಗಳಿಂದ ಕಪ್ಪುಕುಳಿ ಹುಟ್ಟಿ ಭೂಮಿಯನ್ನೇ ನುಂಗುತ್ತದೆಂಬ ಭಯ ಆಗ ನಮ್ಮಲ್ಲೂ ಹಬ್ಬಿತ್ತು.

ವಿಜ್ಞಾನಿಗಳು ವರದಿ ಬರೆದು ಉತ್ತರಿಸಿದ್ದರು. ವರದಿ ಓದುವವರು ಎಷ್ಟು ಜನ? ಇಲ್ಲೇ ಪ್ರಯೋಗದ ಅಭಿಮಾನಿ ಬೇಕಾಗುವುದು. ಈ ಯಂತ್ರದ ಡಿಕ್ಕಿಗಳಿಗಿಂತ ಹೆಚ್ಚು ಶಕ್ತಿಯ ವಿಶ್ವಕಿರಣಗಳು ಕೋಟ್ಯಂತರ ವರ್ಷಗಳಿಂದ ನಮ್ಮ ವಾತಾವರಣಕ್ಕೆ ಬಡಿಯುತ್ತಿವೆ, ಭೂಮಿಗೆ ಏನೂ ಆಗಿಲ್ಲವಲ್ಲ! ಇಷ್ಟನ್ನು ಪ್ರೀತಿಯಿಂದ ಹೇಳುವವರಿದ್ದರೆ ಸಾಕು, ಎದೆ ಹಗುರವಾಗುತ್ತದೆ. ತಾನೂ ಈಚೆಗಷ್ಟೇ ಕಲಿತವನಾದ್ದರಿಂದ ಕೇಳುವವರು ಎಲ್ಲಿ ಎಡವುತ್ತಾರೆಂದು ಅಭಿಮಾನಿಗೆ ಗೊತ್ತು.

ಅಭಿಮಾನಿಯ ಹೊಣೆಯೂ ಸಣ್ಣದಲ್ಲ. 2012ರ ಜುಲೈ 4ರಂದು ಸರ್ನ್ ಪ್ರಕಟಿಸಿದ್ದು ವಿಜ್ಞಾನಿಗಳು ಬಹುಕಾಲದಿಂದ ಹುಡುಕುತ್ತಿದ್ದ ಹಿಗ್ಸ್ ಎಂಬ ಕಣಕ್ಕೆ ಹೊಂದುವಂಥ ಹೊಸ ಕಣವೊಂದನ್ನು ಮಾತ್ರ. ಅದು ಹಿಗ್ಸ್ ಕಣವೇ ಎನ್ನಲು 2013ರ ಮಾರ್ಚ್ ಬರಬೇಕಾಯಿತು. ಆ ಎಂಟು ತಿಂಗಳ ತಾಳ್ಮೆಯನ್ನೂ ಜನರಿಗೆ ತಿಳಿಸುವವನೇ ನಿಜವಾದ ಅಭಿಮಾನಿ ಎಂದು ನಾನು ನಂಬುತ್ತೇನೆ.

ಅಭಿಮಾನ ಮಾತಿಗಷ್ಟೇ ನಿಲ್ಲುವುದಿಲ್ಲ: 2004ರಿಂದಲೂ ಎಷ್ಟೋ ಜನ ತಮ್ಮ ಮನೆಯ ಕಂಪ್ಯೂಟರಿನ ಬಿಡುವಿನ ಹೊತ್ತನ್ನು ಈ ಯಂತ್ರದ ಲೆಕ್ಕಾಚಾರಕ್ಕೆ ಪುಕ್ಕಟೆಯಾಗಿ ಕೊಟ್ಟಿದ್ದಾರೆ. 1965ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನ್ಯೂಟ್ರಿನೋ ಎಂಬ ಕಣದ ಗುರುತು ಹಿಡಿದ ನಮ್ಮದೇ ಪ್ರಯೋಗದ ಕಥೆಯನ್ನು ಊರೂರಿಗೆ ಹೇಳಲು ಅಂಥ ಕೆಲವು ಅಭಿಮಾನಿಗಳಾದರೂ ನಮ್ಮ ನಡುವಿನಿಂದ ಹೊರಡಲಿ.